ಕೌಂಟರಿನಲ್ಲಿ ದಿನವಿಡೀ ತಾಳ್ಮೆ, ಮನೆಗೆ ಬಂದರೆ ಮಾತೇ ಇಲ್ಲ: ಇದನ್ನೇ ಭಾವನಾತ್ಮಕ ಬುದ್ಧಿಮತ್ತೆ ಎನ್ನುತ್ತಾರೆಯೇ?

ಪ್ರಶ್ನೆ: ಬಿಲ್ಲಿಂಗ್ ಕೌಂಟರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಕಳೆದ ತಿಂಗಳು ನಮ್ಮ ಸಿಬ್ಬಂದಿಗೆ ಒಂದು ದಿನದ ತರಬೇತಿ ಇತ್ತು. ವಿಷಯ ಭಾವನಾತ್ಮಕ ಬುದ್ಧಿಮತ್ತೆ, ಅಂದರೆ ತನ್ನ ಮತ್ತು ಇತರರ ಭಾವನೆಗಳನ್ನು ಅರಿತು ನಿಭಾಯಿಸುವ ಸಾಮರ್ಥ್ಯ. ಜೀವನದಲ್ಲಿ ಯಶಸ್ಸು ಸಿಗಲು ಓದು, ಅಂಕ, ಜಾಣತನದ ಪಾಲು ಶೇ 20 ಮಾತ್ರ, ಉಳಿದ ಶೇ 80 ಭಾವನಾತ್ಮಕ ಬುದ್ಧಿಮತ್ತೆಯದ್ದು ಎಂದು ತರಬೇತುದಾರರು ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ತೋರಿಸಿದರು. ಕೊನೆಯಲ್ಲಿ ಒಂದು ಪ್ರಶ್ನಾವಳಿ ಕೊಟ್ಟರು. ‘ಒತ್ತಡದಲ್ಲೂ ನಾನು ಶಾಂತವಾಗಿರುತ್ತೇನೆ’, ‘ಇತರರ ಮನಸ್ಸು ನನಗೆ ಬೇಗ ತಿಳಿಯುತ್ತದೆ’ ಎಂಬಂಥ ವಾಕ್ಯಗಳ ಮುಂದೆ ನಮಗೆ ನಾವೇ ಒಂದರಿಂದ ಐದರವರೆಗೆ ಅಂಕ ಹಾಕಿಕೊಳ್ಳಬೇಕು. ನಮ್ಮ ವಿಭಾಗದಲ್ಲಿ ನನಗೇ ಅತಿ ಹೆಚ್ಚು ಅಂಕ ಬಂತು. ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು.

ಆ ಚಪ್ಪಾಳೆಯನ್ನು ಸಂತೋಷದಿಂದ ಸ್ವೀಕರಿಸಲು ನನಗೆ ಆಗಲಿಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮಲ್ಲಿ ಜಗಳ ಹೆಚ್ಚಾಗಿ ಬರುವುದು ಬಿಡುಗಡೆಯ ಹೊತ್ತಿನಲ್ಲಿ. ಬೆಳಗಿನ ರೌಂಡ್ಸ್‌ಗೆ ಬಂದ ವೈದ್ಯರು ‘ಇವತ್ತು ಮನೆಗೆ ಹೋಗಬಹುದು’ ಎನ್ನುತ್ತಾರೆ. ಮನೆಯವರು ಆಗಲೇ ಬಟ್ಟೆಬರೆ ಚೀಲಕ್ಕೆ ತುಂಬಿ, ಫ್ಲಾಸ್ಕ್ ತೊಳೆದು, ಕೌಂಟರಿನ ಮುಂದೆ ಬಂದು ನಿಲ್ಲುತ್ತಾರೆ. ಆದರೆ ಡಿಸ್ಚಾರ್ಜ್ ಸಾರಾಂಶ ಸಿದ್ಧವಾಗಬೇಕು, ಉಳಿದ ಔಷಧಗಳನ್ನು ಹಿಂದಿರುಗಿಸಿದ ಲೆಕ್ಕ ಬರಬೇಕು, ವಿಮೆ ಇದ್ದರೆ ಅಂತಿಮ ಬಿಲ್ ಕಂಪನಿಗೆ ಹೋಗಿ ಒಪ್ಪಿಗೆ ಬರಬೇಕು. ಹತ್ತು ಗಂಟೆಗೆ ಬಂದು ನಿಂತವರು ಸಂಜೆ ಐದಾದರೂ ಅಲ್ಲೇ ಇರುತ್ತಾರೆ. ಒಪ್ಪಿಗೆ ಕೊಡುವವರು ಎಲ್ಲೋ ಇದ್ದಾರೆ, ಕಣ್ಣಿಗೆ ಕಾಣುವವಳು ನಾನು.

ಮೊನ್ನೆ ಒಬ್ಬರು ಬಂದಿದ್ದರು. ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬೆಳಗಿನಿಂದ ಕಾದಿದ್ದರು. ಸಂಜೆಯ ಹೊತ್ತಿಗೆ ಗಾಜಿನ ಮೇಲೆ ಕೈಯಿಂದ ಗುದ್ದಿ ಬಾಯಿಗೆ ಬಂದಂತೆ ಬೈದರು. ಜಗಳೂರಿನ ಕಡೆಗೆ ಕೊನೆಯ ಬಸ್ಸು ಹೋಗುತ್ತದೆ ಎಂಬ ಮಾತೂ ಆ ಬೈಗುಳದ ನಡುವೆ ಬಂತು. ನಾನು ಅದೇ ನಗುವಿನಲ್ಲಿ, ಅದೇ ಧ್ವನಿಯಲ್ಲಿ ‘ಸ್ವಲ್ಪ ಕಾಯಿರಿ ಸರ್’ ಎಂದೆ. ನನ್ನ ಮೇಲ್ವಿಚಾರಕರು ಅದನ್ನು ಕಂಡು ‘ಇದೇ ನೋಡಿ, ಇಕ್ಯೂ ಎಂದರೆ’ ಎಂದು ಹೊಗಳಿದರು. ಭಾವನಾತ್ಮಕ ಬುದ್ಧಿಮತ್ತೆಯ ಮಟ್ಟಕ್ಕೆ ಅವರು ಹಾಗೆನ್ನುತ್ತಾರೆ.

ಮನೆಗೆ ಬಂದ ಮೇಲೆ ನನ್ನ ಮಗಳು ಶಾಲೆಯ ಕಥೆ ಹೇಳುತ್ತಾಳೆ. ಎರಡನೇ ತರಗತಿ. ನಾಟಕದಲ್ಲಿ ತನಗೆ ಮೊಲದ ಪಾತ್ರ ಸಿಕ್ಕಿದ್ದನ್ನು ಹೇಳುವಾಗಲೂ ನನ್ನ ಬಾಯಿಂದ ‘ಹೂಂ’ ಎನ್ನುವುದಕ್ಕಿಂತ ಹೆಚ್ಚು ಬರುವುದಿಲ್ಲ. ಅತ್ತೆಯವರು ಒಳ್ಳೆಯವರು, ‘ದಣಿದು ಬಂದಿದ್ದಾಳೆ, ಬಿಡು’ ಎಂದು ಮಗುವನ್ನು ಕರೆದುಕೊಳ್ಳುತ್ತಾರೆ. ರಾತ್ರಿ ಕಣ್ಣು ಮುಚ್ಚಿದರೆ ಹಗಲು ಕೇಳಿದ ಬೈಗುಳಗಳು ಒಂದೊಂದಾಗಿ ಬರುತ್ತವೆ. ಆಗ ಉತ್ತರಗಳೂ ಹೊಳೆಯುತ್ತವೆ, ಒಂದಕ್ಕಿಂತ ಒಂದು ಹರಿತವಾದವು.

ಇದು ಬುದ್ಧಿಮತ್ತೆಯೇ? ಆ ಶೇ 80ರ ಲೆಕ್ಕ ನಿಜವೇ? ನಿಜವಾಗಿದ್ದರೆ, ಅಷ್ಟು ಅಂಕ ಪಡೆದ ನನಗೆ ನೆಮ್ಮದಿ ಏಕಿಲ್ಲ? ಈ ಬಗ್ಗೆ ಓದಿದವರು ಮಾತ್ರ ಉತ್ತರಿಸಬೇಕೆಂದಿಲ್ಲ. ದಿನವೂ ಜನರ ಸಿಟ್ಟನ್ನು ಎದುರಿಸುವ ಕೆಲಸದಲ್ಲಿರುವವರು ಬರೆದರೆ ನನಗೆ ಇನ್ನೂ ಹೆಚ್ಚು ಉಪಕಾರ.

ಉತ್ತರ 1: ಮನಶ್ಶಾಸ್ತ್ರ ಉಪನ್ಯಾಸಕ, ಧಾರವಾಡ

ಮೊದಲು ಆ ಲೆಕ್ಕದ ವಿಷಯ ಮುಗಿಸಿಬಿಡೋಣ, ಏಕೆಂದರೆ ಅದು ಊರೂರು ಸುತ್ತಿ ಬಹಳ ಜನರನ್ನು ದಾರಿ ತಪ್ಪಿಸಿದೆ. 1990ರಲ್ಲಿ ಪೀಟರ್ ಸಲೊವೆ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಭಾವನಾತ್ಮಕ ಬುದ್ಧಿಮತ್ತೆಯ ಪರಿಕಲ್ಪನೆಯನ್ನು ಒಂದು ಸಂಶೋಧನಾ ಲೇಖನದಲ್ಲಿ ವಿವರಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಎಂಬ ಪತ್ರಕರ್ತ ಅದೇ ಹೆಸರಿನಲ್ಲಿ ಜನಪ್ರಿಯ ಪುಸ್ತಕ ಬರೆದಾಗ ಅದು ಮನೆಮಾತಾಯಿತು. ಬದುಕಿನ ಯಶಸ್ಸನ್ನು ನಿರ್ಧರಿಸುವ ಅಂಶಗಳಲ್ಲಿ ಐಕ್ಯೂ (ಪರೀಕ್ಷೆಯಲ್ಲಿ ಅಳೆಯುವ ಜಾಣತನ) ಪಾಲು ಹೆಚ್ಚೆಂದರೆ ಶೇ 20, ಮಿಕ್ಕ 80 ಬೇರೆ ಶಕ್ತಿಗಳದ್ದು ಎಂದು ಅವರು ಅದರಲ್ಲಿ ಬರೆದದ್ದು ನಿಜ. ಆದರೆ ಆ ‘ಬೇರೆ ಶಕ್ತಿ’ಗಳಲ್ಲಿ ಹುಟ್ಟಿದ ವರ್ಗ, ಅದೃಷ್ಟ ಎಲ್ಲವೂ ಸೇರಿವೆ. ಉಳಿದ 80 ಪೂರ್ತಿಯಾಗಿ ಭಾವನಾತ್ಮಕ ಬುದ್ಧಿಮತ್ತೆಯದ್ದೇ ಎಂದು ಓದಿಕೊಂಡವರು ತರಬೇತುದಾರರು. ಇದು ತಪ್ಪು ತಿಳಿವಳಿಕೆ ಎಂದು ಗೋಲ್‌ಮನ್ ಅವರೇ ಮುಂದೆ ಸ್ಪಷ್ಟಪಡಿಸಿದ್ದಾರೆ.

ಹಾಗೆಂದು ಇದು ಟೊಳ್ಳು ವಿಷಯವೂ ಅಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 42,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಭಾವನೆಗಳನ್ನು ಚೆನ್ನಾಗಿ ಅರಿಯುವ, ನಿಭಾಯಿಸುವ ಮಕ್ಕಳು ಓದಿನಲ್ಲೂ ಸ್ವಲ್ಪ ಮುಂದಿರುತ್ತಾರೆ ಎಂಬುದು ಅದರ ತೀರ್ಮಾನ. ಜಾಣತನ, ಶಿಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅದರ ಪ್ರಭಾವ ಉಳಿಯುತ್ತದೆ. ಕೆಲಸದ ವಿಷಯದಲ್ಲಿ 2010ರ ಇನ್ನೊಂದು ವಿಶ್ಲೇಷಣೆ ನಿಮಗೆ ನೇರವಾಗಿ ಸಂಬಂಧಪಟ್ಟದ್ದು: ಜನರೊಡನೆ ಒಡನಾಡುತ್ತ ಮುಖಭಾವವನ್ನೂ ಕಾಯ್ದುಕೊಳ್ಳಬೇಕಾದ ಕೆಲಸಗಳಲ್ಲಿ ಈ ಸಾಮರ್ಥ್ಯ ನೆರವಾಗುತ್ತದೆ, ಅಂಥ ಒತ್ತಾಯ ಇಲ್ಲದ ಕೆಲಸಗಳಲ್ಲಿ ಅದರ ಪ್ರಯೋಜನ ಬಹುತೇಕ ಕಾಣುವುದಿಲ್ಲ.

ಇನ್ನು ನಿಮ್ಮ ಅಂಕಗಳು. ನಿಮ್ಮ ಬಗ್ಗೆ ನೀವೇ ಅಂಕ ಹಾಕಿಕೊಳ್ಳುವ ಪ್ರಶ್ನಾವಳಿ ಅಳೆಯುವುದು ನಿಮಗೆ ನಿಮ್ಮ ಮೇಲಿರುವ ಅಭಿಪ್ರಾಯವನ್ನು. ಮೇಯರ್ ಮತ್ತು ಸಲೊವೆ ಡೇವಿಡ್ ಕರೂಸೊ ಜೊತೆಗೂಡಿ 2002ರಲ್ಲಿ ತಂದ ಪರೀಕ್ಷೆಯ ಬಗೆಯೇ ಬೇರೆ. ಅಲ್ಲಿ ಒಂದು ಮುಖದ ಚಿತ್ರ ತೋರಿಸಿ ಯಾವ ಭಾವ ಎಷ್ಟಿದೆ ಎಂದು ಕೇಳುತ್ತಾರೆ, ಒಂದು ಸನ್ನಿವೇಶ ಕೊಟ್ಟು ಏನು ಮಾಡಿದರೆ ಫಲಿಸೀತು ಎಂದು ಕೇಳುತ್ತಾರೆ. ಈ ಎರಡು ಬಗೆಯ ಪರೀಕ್ಷೆಗಳಲ್ಲಿ ಒಬ್ಬರಿಗೇ ಬರುವ ಅಂಕಗಳು ಹೆಚ್ಚು ಹೊಂದಿಕೊಳ್ಳುವುದಿಲ್ಲ. ಆದ್ದರಿಂದ ಚಪ್ಪಾಳೆಯನ್ನೂ ಅಂಕವನ್ನೂ ಅಲ್ಲೇ ಬಿಡಿ.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಉಕ್ಕಿ ಬಂದ ಭಾವನೆಯನ್ನು ಮುಖದಲ್ಲಿ ತೋರಿಸದೆ ಒತ್ತಿಹಿಡಿಯುವುದಕ್ಕೂ, ಅದು ಉಕ್ಕುವ ಮೊದಲೇ ಸನ್ನಿವೇಶವನ್ನು ಬೇರೆ ರೀತಿಯಲ್ಲಿ ಗ್ರಹಿಸುವುದಕ್ಕೂ ಅಜಗಜಾಂತರವಿದೆ. ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದ್ದಾರೆ. ಒತ್ತಿಹಿಡಿದಾಗ ಮುಖ ಮಾತ್ರ ಶಾಂತವಾಗಿ ಕಾಣುತ್ತದೆ. ಒಳಗಿನ ಸಂಕಟ ಕಡಿಮೆಯಾಗುವುದಿಲ್ಲ, ದೇಹದ ಉದ್ವೇಗ ಏರುತ್ತದೆ, ಆ ಹೊತ್ತಿನಲ್ಲಿ ಕೇಳಿದ ಮಾತು ನೆನಪಿನಲ್ಲಿ ಸರಿಯಾಗಿ ಉಳಿಯುವುದಿಲ್ಲ. ಅವರ ತಂಡದ 2003ರ ಒಂದು ಪ್ರಯೋಗದಲ್ಲಿ ಪರಿಚಯವಿಲ್ಲದ ಮಹಿಳೆಯರನ್ನು ಇಬ್ಬಿಬ್ಬರಾಗಿ ಕೂರಿಸಿ, ಮನಕಲಕುವ ಚಿತ್ರವೊಂದನ್ನು ತೋರಿಸಿ ಮಾತನಾಡಲು ಬಿಟ್ಟರು. ಒಬ್ಬರಿಗೆ ಮಾತ್ರ ಗುಟ್ಟಾಗಿ, ಭಾವನೆ ಹೊರಗೆ ಕಾಣದಂತೆ ನೋಡಿಕೊಳ್ಳಿ ಎಂದು ಹೇಳಿದ್ದರು. ಎದುರು ಕುಳಿತಾಕೆಗೆ ಈ ವಿಷಯ ಗೊತ್ತಿರಲಿಲ್ಲ. ಆದರೂ ಆಕೆಯ ರಕ್ತದೊತ್ತಡ ಏರಿತು. ನಿಮ್ಮ ಬದಲಾಗದ ನಗುವಿನ ಎದುರು ಜನರ ಸಿಟ್ಟು ಇಳಿಯದೆ ಇರುವುದಕ್ಕೆ ಇದೂ ಒಂದು ಕಾರಣವಿರಬಹುದು.

ನನ್ನ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತನ್ನು ಯಾವಾಗಲೂ ಹೇಳುತ್ತೇನೆ. ಭರತನ ನಾಟ್ಯಶಾಸ್ತ್ರ 33 ಸಂಚಾರಿ ಭಾವಗಳನ್ನು, ಅಂದರೆ ಮುಖ್ಯ ಭಾವದ ನಡುವೆ ಬಂದು ಹೋಗುವ ಭಾವಗಳನ್ನು, ಪಟ್ಟಿ ಮಾಡುತ್ತದೆ. ದೈನ್ಯ, ಶಂಕೆ, ಚಿಂತೆ, ವ್ರೀಡೆ, ವಿಷಾದ ಎಲ್ಲವೂ ಅದರಲ್ಲಿವೆ. ನಮ್ಮ ಯಕ್ಷಗಾನದ ಒಬ್ಬ ಒಳ್ಳೆಯ ವೇಷಧಾರಿ ಸಿಟ್ಟಿನ ಒಂದು ಮಾತಿನೊಳಗೆ ಇವುಗಳಲ್ಲಿ ಮೂರು ನಾಲ್ಕನ್ನು ತೋರಿಸಿ ಹೋಗುತ್ತಾನೆ. ಗಾಜು ಗುದ್ದಿದ ಆ ಮನುಷ್ಯನ ಕೋಪದೊಳಗೆ ಏನೇನಿತ್ತು ಎಂದು ಒಮ್ಮೆ ಬಿಡಿಸಿ ನೋಡಿ.

ಉತ್ತರ 2: ಡೇರಿ ಕಾರ್ಯದರ್ಶಿ, ಅರಸೀಕೆರೆ ತಾಲ್ಲೂಕು

ತಂಗೀ, ಜನರ ಸಿಟ್ಟಿನ ಮುಂದೆ ಕೂರುವವರು ಬರೆಯಿರಿ ಎಂದಿದ್ದೀರಿ, ಅದಕ್ಕಾಗಿ ಬರೆಯುತ್ತಿದ್ದೇನೆ. ನಾನು ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಈ ಕೆಲಸದಲ್ಲೇ ನನ್ನ ತಲೆ ನರೆತಿದೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಕ್ಯಾನು ಹಿಡಿದವರು ಸಾಲಾಗಿ ನಿಂತಿರುತ್ತಾರೆ. ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಯಂತ್ರಕ್ಕೆ ಹಿಡಿದರೆ ಫ್ಯಾಟ್ (ಕೊಬ್ಬು) ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ತೋರಿಸುತ್ತದೆ. ಅದರ ಮೇಲೆ ದರ. ಅಂಕಿ ಇಳಿಯಿತೆಂದರೆ ಬಟವಾಡೆಯಲ್ಲಿ ದುಡ್ಡು ಇಳಿಯಿತು ಎಂದೇ ಅರ್ಥ.

ಹೊರಗಿನವರಿಗೆ ಇದು ದುಡ್ಡಿನ ಜಗಳವಾಗಿ ಕಾಣುತ್ತದೆ. ದುಡ್ಡು ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಹಳ್ಳಿಯಲ್ಲಿ ಹಾಲಿನ ಡಿಗ್ರಿ ಇಳಿಯಿತು ಎಂದು ನಾಲ್ಕು ಜನರ ಮುಂದೆ ಹೇಳಿದರೆ, ಕೇಳಿದವರ ಮನಸ್ಸಿಗೆ ಮೊದಲು ಬರುವುದು ‘ನೀರು ಬೆರೆಸಿದ್ದಾನೆ’ ಎಂಬ ಮಾತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಅಷ್ಟು ಸಾಕು. ಉಪನ್ಯಾಸಕರು ಹೇಳಿದ ಪಟ್ಟಿಯಲ್ಲಿ ವ್ರೀಡೆ ಎಂದಿದೆಯಲ್ಲ, ಆ ನಾಚಿಕೆ ನನ್ನ ಕೌಂಟರಿಗೆ ಬೆಳಿಗ್ಗೆ ಬೆಳಿಗ್ಗೆಯೇ ಸಿಟ್ಟಿನ ರೂಪದಲ್ಲಿ ಬರುತ್ತದೆ. ‘ನಿನ್ನ ಮಿಷನ್ನೇ ಸರಿಯಿಲ್ಲ’ ಎಂದು ಕೂಗುವವನು ನನಗೆ ಹೇಳುತ್ತಿರುವುದಿಲ್ಲ, ಹಿಂದಿನ ಸಾಲಿಗೆ ಹೇಳುತ್ತಿರುತ್ತಾನೆ. ಇದು ತಿಳಿದ ಮೇಲೆ ನಾನು ಅಂಕಿಯನ್ನು ಕೂಗಿ ಹೇಳುವ ಪದ್ಧತಿಯನ್ನೇ ಬಿಟ್ಟೆ. ಚೀಟಿ ಕೊಡುತ್ತೇನೆ. ತೀರಾ ಕಡಿಮೆ ಬಂದರೆ ‘ಹತ್ತು ಗಂಟೆಯ ಮೇಲೆ ಒಂದು ಸಲ ಬಂದು ಹೋಗಿ’ ಎಂದಷ್ಟೇ ಹೇಳುತ್ತೇನೆ.

ಒಬ್ಬ ಹಿರಿಯರ ಸಂಗತಿ ಹೇಳಬೇಕು. ಅವರದು ಒಂದೇ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿಯ) ಹಸು, ಸಾಲದಲ್ಲಿ ತಂದದ್ದು. ಯಾವತ್ತೂ ಫ್ಯಾಟ್ 4ರ ಆಸುಪಾಸಿನಲ್ಲಿ ಬರುತ್ತಿದ್ದ ಹಾಲು ಇದ್ದಕ್ಕಿದ್ದಂತೆ 3ಕ್ಕೆ ಇಳಿಯಿತು. ಎಸ್‌ಎನ್‌ಎಫ್ ಕೂಡ ಕಡಿಮೆ. ಒಂದು ಬೆಳಿಗ್ಗೆ ಕ್ಯಾನಿನ ಮುಚ್ಚಳವನ್ನು ನೆಲಕ್ಕೆ ಎಸೆದು, ನನ್ನ ಮನೆತನವನ್ನೆಲ್ಲ ಎಳೆದು ತಂದರು. ನನ್ನ ತಂದೆಯ ಹೆಸರೂ ಬಂತು. ನನ್ನ ಕಿವಿ ಬಿಸಿಯಾಯಿತು. ಕಿವಿ ಬಿಸಿಯಾಗುವುದು ನನಗೆ ಸಿಟ್ಟು ಬರುವ ಮುನ್ಸೂಚನೆ, ಇಷ್ಟು ವರ್ಷಗಳಲ್ಲಿ ಅದನ್ನು ಗುರುತು ಹಿಡಿದಿದ್ದೇನೆ. ಆಗ ಉತ್ತರ ಕೊಡಬಾರದು, ಪ್ರಶ್ನೆ ಕೇಳಬೇಕು. ‘ಅಣ್ಣಾ, ಈಗ ಹಾಲು ಯಾರು ಕರೆಯುತ್ತಿದ್ದಾರೆ?’ ಎಂದು ಕೇಳಿದೆ. ಅವರು ಸುಮ್ಮನಾದರು.

ಸಂಜೆ ಕೊಟ್ಟಿಗೆಗೆ ಹೋದೆ. ಹಾಲು ಕರೆಯುತ್ತಿದ್ದವರು ಅವರ ಹೆಂಡತಿ. ಆಕೆ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದು ಮಲಗಿದ್ದರು. ಈಗ ಇವರೇ ಕರೆಯುತ್ತಿದ್ದರು, ಬೆರಳುಗಳಲ್ಲಿ ಕಸುವಿಲ್ಲ. ಕೆಚ್ಚಲು ಪೂರ್ತಿ ಬರಿದಾಗುವ ಮೊದಲೇ ಎದ್ದುಬಿಡುತ್ತಿದ್ದರು. ಹಸು ಸಾಕಿದವರಿಗೆ ಗೊತ್ತು, ಮೊದಲು ಇಳಿಯುವ ಹಾಲು ತೆಳ್ಳಗೆ, ಕೊಬ್ಬು ಹೆಚ್ಚಾಗಿ ಇರುವುದು ಕೊನೆಯ ಹಾಲಿನಲ್ಲಿ. ಆ ಕೊನೆಯ ಹಾಲು ಕೆಚ್ಚಲಲ್ಲೇ ಉಳಿದುಬಿಡುತ್ತಿತ್ತು, ಫ್ಯಾಟ್ ಎಲ್ಲಿಂದ ಬರಬೇಕು? ಹಾಗೆ ಹಾಲು ಉಳಿಸಿದರೆ ಕೆಚ್ಚಲು ಬಾವು ಬರುವ ಭಯ ಬೇರೆ. ಪಕ್ಕದ ಮನೆಯ ಹೆಣ್ಣುಮಗಳು ಎರಡು ಹೊತ್ತು ಬಂದು ಕರೆದುಕೊಡಲು ಒಪ್ಪಿದಳು. ಫ್ಯಾಟ್ ಮೇಲೆ ಬಂತು. ಎಸ್‌ಎನ್‌ಎಫ್ ಅಷ್ಟು ಸುಲಭವಾಗಿ ಬರಲಿಲ್ಲ, ಅದು ಮೇವಿನ ಪ್ರಶ್ನೆ, ಹಿಂಡಿ ಬೂಸಾ ಕೊಳ್ಳಲು ಅವರ ಕೈಯಲ್ಲಿ ದುಡ್ಡಿರಲಿಲ್ಲ. ಇವತ್ತಿಗೂ ಅದರ ಬಗ್ಗೆ ಗೊಣಗುತ್ತಲೇ ಇರುತ್ತಾರೆ. ಗೊಣಗಲಿ, ಅದು ನ್ಯಾಯವಾದ ಗೊಣಗಾಟ.

ಅವತ್ತು ಅವರ ಸಿಟ್ಟನ್ನು ನಾನು ನುಂಗಿಕೊಂಡು ನಗುತ್ತ ಕೂತಿದ್ದರೆ ಆ ಹಸುವಿನ ಕೆಚ್ಚಲು ಕೆಡುತ್ತಿತ್ತು, ತಾಳ್ಮೆಯ ಮನುಷ್ಯ ಎಂಬ ಹೆಸರು ಮಾತ್ರ ನನಗೆ ಬರುತ್ತಿತ್ತು. ಸಿಟ್ಟಿನೊಳಗೆ ಒಂದು ಸುದ್ದಿ ಇರುತ್ತದೆ ತಂಗೀ. ಅದನ್ನು ಓದಿ, ಅದರ ಮೇಲೆ ಏನಾದರೂ ಮಾಡಿದರೆ ಅದನ್ನು ನಾನು ಬುದ್ಧಿ ಎನ್ನುತ್ತೇನೆ. ನಿಮ್ಮ ಜಗಳೂರಿನವರು ಬೈಗುಳದ ನಡುವೆಯೇ ಕೊನೆಯ ಬಸ್ಸಿನ ಸುದ್ದಿ ಕೊಟ್ಟಿದ್ದಾರೆ ನೋಡಿ. ಗಾಲಿಕುರ್ಚಿಯ ತಾಯಿ, ತಪ್ಪಿದರೆ ರಾತ್ರಿ ಉಳಿಯಲು ಜಾಗವಿಲ್ಲ, ಲಾಡ್ಜಿಗೆ ದುಡ್ಡು ಎಲ್ಲಿಂದ? ‘ನಿಮ್ಮ ಬಸ್ಸು ಎಷ್ಟು ಗಂಟೆಗೆ?’ ಎಂದು ಕೇಳಿದರೆ ವಿಮೆ ಕಂಪನಿಯ ಒಪ್ಪಿಗೆ ಬೇಗ ಬರುವುದಿಲ್ಲ, ನಿಜ. ಆದರೆ ಇಬ್ಬರೂ ಗಡಿಯಾರದ ಒಂದೇ ಕಡೆ ನಿಲ್ಲುತ್ತೀರಿ.

ಇನ್ನೊಂದು ಮಾತು. ಎಲ್ಲ ಸಿಟ್ಟಿಗೂ ಮರುಗಬೇಕೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಪರೀಕ್ಷೆಗೆ ನಿಲ್ಲುವ ಹುಡುಗಿಯನ್ನು ಒಬ್ಬರು ಕೆಟ್ಟ ಮಾತಿನಲ್ಲಿ ಬೈದರು. ನಾನು ಯಂತ್ರ ನಿಲ್ಲಿಸಿದೆ. ‘ಆ ಮಾತು ವಾಪಸ್ ತೆಗೆದುಕೊಳ್ಳುವವರೆಗೆ ಹಾಲು ಅಳೆಯುವುದಿಲ್ಲ’ ಎಂದೆ, ದನಿ ಏರಿಸದೆ. ಇಡೀ ಸಾಲು ನಿಂತಿತು. ಅವರು ಮಾತು ಹಿಂದಕ್ಕೆ ತೆಗೆದುಕೊಂಡರು. ನನಗೆ ಸಿಟ್ಟು ಬಂದಿತ್ತು, ಅದನ್ನು ತೋರಿಸಿದೆ, ಅದಕ್ಕೆ ತಕ್ಕ ಜಾಗ ಅದು. ತಮಗೆ ಸಿಟ್ಟೇ ಬರುವುದಿಲ್ಲ ಎನ್ನುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಉತ್ತರ 3: ವಾರ್ಡ್ ಸಿಸ್ಟರ್, ಮಂಗಳೂರು

ಡೇರಿ ಅಣ್ಣನವರ ಮಾತು ಮನಸ್ಸಿಗೆ ನಾಟಿತು. ಆದರೆ ಒಂದು ವ್ಯತ್ಯಾಸವನ್ನು ಎತ್ತಿ ಹೇಳಲೇಬೇಕು. ಅವರು ಕಾರ್ಯದರ್ಶಿ. ಚೀಟಿಯ ಪದ್ಧತಿ ತರಲು, ಯಂತ್ರ ನಿಲ್ಲಿಸಲು ಅವರಿಗೆ ಅಧಿಕಾರವಿದೆ. ಬಿಲ್ಲಿಂಗ್ ಕೌಂಟರಿನ ಹುಡುಗಿಗೆ ಅದು ಎಲ್ಲಿದೆ? ಅವಳು ಕಂಪ್ಯೂಟರ್ ನಿಲ್ಲಿಸಿದರೆ ಮರುದಿನ ಕೆಲಸ ಇರುವುದಿಲ್ಲ. ಅಧಿಕಾರ ಕೊಡದೆ ತಾಳ್ಮೆ ಮಾತ್ರ ಕೇಳುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

1983ರಲ್ಲಿ ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ವಿಮಾನ ಪರಿಚಾರಿಕೆಯರ ಬಗ್ಗೆ ಬರೆದರು. ನಗುವುದೂ ಅವರ ಸಂಬಳದೊಳಗಿನ ಕೆಲಸ, ಅದೂ ಒಂದು ದುಡಿಮೆ ಎಂದು ಎತ್ತಿ ತೋರಿಸಿದರು. ಒಳಗೊಂದು ಹೊರಗೊಂದು ಇಟ್ಟುಕೊಂಡು ಮುಖದಲ್ಲಿ ಮಾತ್ರ ನಟಿಸುವುದರ ಬಗ್ಗೆ ಆಮೇಲೆ ಬಂದ ಅಧ್ಯಯನಗಳು ಅದು ಬಳಲಿಕೆಯೊಂದಿಗೆ ತಳಕು ಹಾಕಿಕೊಂಡಿದೆ ಎಂದೇ ಹೇಳುತ್ತವೆ. ನಿಮ್ಮ ಸಂಜೆಯ ‘ಹೂಂ’ ನಿಮ್ಮ ಗುಣದ ದೋಷವಲ್ಲ ಶಿಲ್ಪಾ (ಹೆಸರು ಗೊತ್ತಿಲ್ಲ, ಹಾಗೆ ಕರೆಯಬೇಕೆನಿಸಿತು). ಹಗಲು ದುಡಿದು ಖಾಲಿಯಾದದ್ದು ಸಂಜೆ ತುಂಬಿರುವುದಿಲ್ಲ.

ಈಗ ಪ್ರಯೋಜನಕ್ಕೆ ಬರುವ ಒಂದು ಸಂಗತಿ. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿದೆ. ನಗದುರಹಿತ ಚಿಕಿತ್ಸೆಯ (ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ) ಕೋರಿಕೆ ಬಂದರೆ ವಿಮಾ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು. ಬಿಡುಗಡೆಯ ಅಂತಿಮ ಒಪ್ಪಿಗೆಯನ್ನು ಆಸ್ಪತ್ರೆಯಿಂದ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು. ಹತ್ತು ಗಂಟೆಗೆ ನಿಂತವರು ಐದಾದರೂ ಅಲ್ಲೇ ಇದ್ದರೆ ಎಲ್ಲಿ ತಡವಾಯಿತು ಎಂದು ನೋಡಬೇಕು. ನಿಮ್ಮ ಕಡೆಯಿಂದ ಬಿಲ್ ಹೋದದ್ದೇ ಮಧ್ಯಾಹ್ನ ಎರಡಕ್ಕೋ? ಅಥವಾ ಹನ್ನೊಂದಕ್ಕೆ ಹೋಗಿ ಕಂಪನಿಯಲ್ಲಿ ಕುಳಿತಿತೋ? ಕೋರಿಕೆ ಕಳುಹಿಸಿದ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟುಬಿಡಿ. ನಮ್ಮ ವಾರ್ಡಿನಲ್ಲಿ ಇದನ್ನು ಶುರು ಮಾಡಿದ ಮೇಲೆ ಕೂಗಾಟ ನಿಂತೇಹೋಯಿತು ಎನ್ನಲಾರೆ, ಆದರೆ ಕೂಗುವವರು ಈಗ ಸರಿಯಾದ ಕಡೆಗೆ ಫೋನ್ ಮಾಡುತ್ತಾರೆ.

ರಾತ್ರಿ ಬೈಗುಳಗಳು ಮರಳಿ ಬರುತ್ತವೆ ಎಂದಿದ್ದೀರಿ. ನಿದ್ದೆ ಹೋಗುವಷ್ಟು ಆಗಿದ್ದರೆ ತಡಮಾಡಬೇಡಿ. 14416ಕ್ಕೆ ಕರೆ ಮಾಡಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಕೆಲಸದವರು ಇಂಥದ್ದಕ್ಕೆ ಹೋಗುವುದು ಎಂದರೆ ಹಿಂಜರಿಯುತ್ತಾರೆ. ಸೊಂಟ ನೋವಿಗೆ ಹಿಂಜರಿಯುತ್ತೇವೆಯೇ?

ಪ್ರಶ್ನೆ ಕೇಳಿದವರು: ಬಿಲ್ಲಿಂಗ್ ಕೌಂಟರ್, ದಾವಣಗೆರೆ

ನಿಮ್ಮೆಲ್ಲರ ಉತ್ತರಗಳನ್ನು ಮತ್ತೆ ಮತ್ತೆ ಓದಿದೆ. ಸಿಸ್ಟರ್, ನನ್ನ ಹೆಸರು ಶಿಲ್ಪಾ ಅಲ್ಲ, ಆದರೆ ನೀವು ಹಾಗೇ ಕರೆಯಿರಿ, ನನಗೆ ಇಷ್ಟವಾಯಿತು.

ಉಪನ್ಯಾಸಕರು ಹೇಳಿದಂತೆ ಆ ಸಂಜೆಯನ್ನು ಬಿಡಿಸಿ ನೋಡಿದೆ. ಆ ಮನುಷ್ಯನಲ್ಲಿ ಬಸ್ಸಿನ ಚಿಂತೆ ಇತ್ತು. ತಾಯಿಯ ಎದುರು ತಾನು ಏನೂ ಮಾಡಲಾರದವನಾಗಿ ನಿಂತ ಅವಮಾನವೂ ಇತ್ತು ಎಂದು ಈಗ ಅನಿಸುತ್ತದೆ. ಆ ತಾಯಿ ಅವನ ಅಂಗಿಯ ತುದಿಯನ್ನು ಹಿಡಿದು ಎಳೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಇನ್ನು ನನ್ನೊಳಗೆ ಏನಿತ್ತು? ಸಿಟ್ಟು ಎಂದುಕೊಂಡಿದ್ದೆ. ನೋಡಿದರೆ ಹೆಚ್ಚಾಗಿ ಭಯವಿತ್ತು: ಗಾಜು ಒಡೆದರೆ, ಮೇಲ್ವಿಚಾರಕರು ನನ್ನನ್ನೇ ದೂರಿದರೆ ಎಂದು. ಭಯಕ್ಕೆ ನಗುವಿನ ಮುಖವಾಡ ಹಾಕಿದ್ದೆ. ಇಷ್ಟು ಬಿಡಿಸಿಕೊಂಡ ರಾತ್ರಿ ಆ ಬೈಗುಳ ಮತ್ತೆ ಬಂತು, ಆದರೆ ಅದಕ್ಕೆ ಹರಿತವಾದ ಉತ್ತರ ಹುಡುಕುವ ಮನಸ್ಸಾಗಲಿಲ್ಲ.

ಚೀಟಿಯ ವಿಷಯವನ್ನು ಮೇಲ್ವಿಚಾರಕರ ಮುಂದೆ ಇಟ್ಟೆ. ಗೋಡೆಯ ಮೇಲೆ ಬೋರ್ಡು ಹಾಕಲು ಒಪ್ಪಲಿಲ್ಲ. ಕೈಯಲ್ಲಿ ಚೀಟಿ ಕೊಡಬಹುದು, ಆದರೆ ಮೊದಲು ಮಾದರಿ ತೋರಿಸು ಎಂದಿದ್ದಾರೆ. ಒಂದೇ ಅನುಮಾನ. ನಮ್ಮಲ್ಲಿ ಬರುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ವಿಮೆ ಇರುವುದಿಲ್ಲ, ಕೈಯಿಂದ ಕಟ್ಟುವವರು. ಅವರ ಚೀಟಿಯಲ್ಲಿ ಏನು ಬರೆಯಲಿ? ಇನ್ನೊಂದು, ಡೇರಿ ಅಣ್ಣನವರಿಗೆ: ಬೆಳಗಿನ ಜಗಳ ಮುಗಿಸಿ ಮನೆಗೆ ಹೋದಾಗ ನೀವು ಏನು ಮಾಡುತ್ತೀರಿ?

ಉತ್ತರ: ಉಪನ್ಯಾಸಕ, ಧಾರವಾಡ

ನೀವು ಆ ರಾತ್ರಿ ಮಾಡಿದ್ದಕ್ಕೆ ಪ್ರಯೋಗಾಲಯದ ಬೆಂಬಲವೂ ಇದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಮೆದುಳಿನ ಸ್ಕ್ಯಾನ್ ನಡೆಸಿ, ಕಂಡ ಮುಖಭಾವ ಯಾವುದೆಂದು ಗುರುತಿಸಿ ಹೇಳಿದಾಗ ಭಯದಂಥ ಭಾವಗಳಿಗೆ ಸ್ಪಂದಿಸುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ತೋರಿಸಿತು. ಭಯವನ್ನು ಭಯವೆಂದು ಗುರುತಿಸಿದಿರಿ, ಅದು ಸಣ್ಣ ಕೆಲಸವಲ್ಲ. ಪ್ರಶ್ನಾವಳಿಯ ಅಂಕಕ್ಕಿಂತ ನನಗೆ ಇದರ ಮೇಲೆ ಹೆಚ್ಚು ಗೌರವ.

ಉತ್ತರ: ಡೇರಿ ಕಾರ್ಯದರ್ಶಿ, ಅರಸೀಕೆರೆ ತಾಲ್ಲೂಕು

ತಂಗೀ, ಸಿಸ್ಟರ್ ಹೇಳಿದ ಅಧಿಕಾರದ ಮಾತು ಸರಿ. ನಾನು ಕುರ್ಚಿಯ ಮೇಲೆ ಕೂತವನು, ಅದನ್ನು ಒಪ್ಪುತ್ತೇನೆ. ಅದಕ್ಕೇ ನಿಮ್ಮ ಮೇಲ್ವಿಚಾರಕರಿಗೆ ಈ ಚರ್ಚೆಯನ್ನು ಓದಲು ಕೊಡಿ ಎನ್ನುತ್ತೇನೆ.

ಮನೆಗೆ ಹೋದ ಮೇಲೆ ನಾನು ಒಂದು ಸಂಗತಿಯನ್ನು ಮಾತ್ರ ಮನೆಯವಳಿಗೆ ಪೂರ್ತಿಯಾಗಿ ಹೇಳುತ್ತೇನೆ, ಯಾರು ಏನೆಂದರು, ನನಗೆ ಏನಾಯಿತು ಎಂದು. ಎಲ್ಲವನ್ನೂ ಹೇಳಲು ಹೋದರೆ ಮನೆಯೂ ಡೇರಿಯಾಗುತ್ತದೆ, ಏನನ್ನೂ ಹೇಳದಿದ್ದರೆ ನೀವು ಬರೆದ ಹಾಗೆ ಆಗುತ್ತದೆ. ಹೇಳಿ ಮುಗಿಸಿದ ಮೇಲೆ ತಿಂಡಿ. ನಿಮ್ಮ ಅತ್ತೆಯವರು ಒಳ್ಳೆಯವರು ಎಂದಿದ್ದೀರಿ, ಅವರಿಗೇ ಹೇಳಿ. ಮಗುವನ್ನು ಅದಾದ ಮೇಲೆ ಕರೆದುಕೊಳ್ಳಿ. ಮೊಲದ ಮಾತು ಏನೆಂದು ಅವಳೇ ಹೇಳುತ್ತಾಳೆ, ನೀವು ಕೇಳಿದರೆ ಸಾಕು.

ಉತ್ತರ: ವಾರ್ಡ್ ಸಿಸ್ಟರ್, ಮಂಗಳೂರು

ಶಿಲ್ಪಾ, ವಿಮೆ ಇಲ್ಲದವರ ಚೀಟಿಯಲ್ಲಿ ಮೂರು ಸಾಲು ಸಾಕು: ಸಾರಾಂಶ ವೈದ್ಯರ ಸಹಿಗೆ ಹೋದ ಸಮಯ, ಔಷಧ ವಾಪಸಾತಿಯ ಲೆಕ್ಕ ಬಂದ ಸಮಯ, ಬಿಲ್ ಸಿದ್ಧವಾಗುವ ಅಂದಾಜು ಸಮಯ. ಮೂರನೆಯದನ್ನು ಬರೆಯುವಾಗ ಅರ್ಧ ಗಂಟೆ ಹೆಚ್ಚೇ ಬರೆಯಿರಿ, ಹೇಳಿದ್ದಕ್ಕಿಂತ ಮೊದಲೇ ಮುಗಿದರೆ ಯಾರೂ ಜಗಳ ಮಾಡುವುದಿಲ್ಲ. ಕೆಳಗೆ ಖಾಲಿ ಜಾಗ ಬಿಟ್ಟು ‘ಊರಿಗೆ ಹೋಗುವ ಕೊನೆಯ ಬಸ್ಸು’ ಎಂದು ಅಚ್ಚು ಹಾಕಿಸಿ. ಬೆಳಿಗ್ಗೆಯೇ ಕೇಳಿ ತುಂಬಿಕೊಂಡರೆ ದೂರದ ಊರಿನವರ ಕಡತವನ್ನು ಮೊದಲು ಎತ್ತಿಕೊಳ್ಳಬಹುದು. ಮಾದರಿ ಸಿದ್ಧವಾದ ಮೇಲೆ ಇಲ್ಲಿ ಹಾಕಿ, ನಮ್ಮ ವಾರ್ಡಿಗೂ ಬೇಕು.